ಸ್ನೋ ಅಳೆಯುವ ಹಲಗೆ

ಥರ್ಮಾಮೀಟರ್ ಓದುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಮಂಡಿ ಬಗ್ಗಿಸಿ, ಕಣ್ಣನ್ನು ಕೆಂಪು ಗೆರೆಯ ಮಟ್ಟಕ್ಕೆ ತಂದು, ಕೆನ್ನೆ ಉಬ್ಬಿಸಿಕೊಂಡು, ಆ ದೊಡ್ಡ ಕಿವಿಗಳ ತುದಿ ಕೆಂಪಾಗುವವರೆಗೆ ಹಾಗೇ ನಿಲ್ಲುತ್ತಿದ್ದರು. ಬಾಯಿಯ ಬಿಸಿಗಾಳಿ ತಗುಲಿ ಅರ್ಧ ಡಿಗ್ರಿ ಏರಿಬಿಟ್ಟರೆ ಎಂಬ ಭಯ. ಆಮೇಲೆ ಒಮ್ಮೆಲೇ ಉಸಿರು ಬಿಟ್ಟು, ಅಂಗಿಯ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು. ಆ ಉಬ್ಬಿದ ಕೆನ್ನೆ ಕಂಡಾಗಲೆಲ್ಲ ಒಂದು ಬಿಗಿಯೋಣ ಎನ್ನಿಸುತ್ತಿತ್ತು ನನಗೆ. ತೀರಿಕೊಂಡವರ ಬಗ್ಗೆ ಹೀಗೆ ಬರೆಯಬಾರದು. ಆದರೆ ಅನ್ನಿಸುತ್ತಿದ್ದದ್ದು ಹಾಗೆಯೇ.

ಡಲ್ಲಾಸ್ ಪಕ್ಕದ ಕಾಪೆಲ್ ಊರಿನಲ್ಲಿ ಮನೆ, ಹಾಗಾಗಿ ನಾವೆಲ್ಲ ಅವರನ್ನು ಕಾಪೆಲ್ ಅಂಕಲ್ ಎನ್ನುತ್ತಿದ್ದೆವು. ಧಾರವಾಡದ ಕಡೆಯವರು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ಮಲಗಿದವರ ನಾಡಿ, ಉಸಿರುಗಳ ಅಂಕಿ ನೋಡುತ್ತ ಆಯುಷ್ಯ ಕಳೆದವರಿಗೆ ಮನೆಯಲ್ಲಿ ಸುಮ್ಮನೆ ಕೂರುವುದಾಗಲಿಲ್ಲವೇನೋ, ಹಿತ್ತಲಲ್ಲಿ ಮಳೆಯ ಅಳತೆಯ ಕೊಳವೆ, ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ನಿಲ್ಲಿಸಿಕೊಂಡಿದ್ದರು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳ ನಮ್ಮಂಥ ಕೆಲವು ಹುಚ್ಚರು ಸೇರಿ ವಾಟ್ಸಾಪ್‌ನಲ್ಲಿ ಒಂದು ಹವಾಮಾನದ ಗುಂಪು ಮಾಡಿಕೊಂಡಿದ್ದೆವು. ಅವರು ಅದರ ಹಿರಿಯರು. ಹಿರಿತನ ಎಂದರೆ ಎಲ್ಲರ ಉತ್ಸಾಹಕ್ಕೂ ತಣ್ಣೀರೆರಚುವುದು ಎಂದು ಅವರು ತಿಳಿದಿದ್ದರು.

ನನಗೆ ಆ ಗುಂಪು ಬರೀ ಹವ್ಯಾಸವಾಗಿರಲಿಲ್ಲ. ಮೈಸೂರಿನಲ್ಲಿ ಹನ್ನೊಂದು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ಗಂಡನ ವೀಸಾ ಹಿಡಿದು ಟೆಕ್ಸಸಿನ ಈ ಪ್ರಾಸ್ಪರ್‌ಗೆ ಬಂದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಹೊಸ ಬಡಾವಣೆ, ಒಂದೇ ಥರದ ಇಟ್ಟಿಗೆ ಮನೆಗಳು, ಹಗಲೆಲ್ಲ ಮಾತಿಗೆ ಒಂದು ನರಪಿಳ್ಳೆ ಇಲ್ಲ. ನನ್ನನ್ನು ಏನಾದರೂ ಕೇಳುವವರು ಜಗತ್ತಿನಲ್ಲಿ ಉಳಿದಿದ್ದರೆ ಅದು ಆ ಗುಂಪಿನಲ್ಲಿ. 'ಮೇಡಂ, ಈ ಸಲ ಸ್ನೋ ಬರುತ್ತಾ?' ಎಂದು ಜಾರ್ಜ್‌ಟೌನ್‌ನ ಗೆಳತಿ ಸೆಪ್ಟೆಂಬರಿನಿಂದಲೇ ಶುರು ಮಾಡುತ್ತಿದ್ದಳು. ದೀಪಾವಳಿಗೂ ಎ.ಸಿ. ಹಾಕಿಕೊಂಡು ಕೂರುವ ಹ್ಯೂಸ್ಟನ್‌ನವರು ಹೊಟ್ಟೆಕಿಚ್ಚಿನಿಂದಾದರೂ ಕೇಳುತ್ತಿದ್ದರು. ಆ 'ಮೇಡಂ' ಎಂಬ ಒಂದು ಮಾತಿನ ಮೇಲೆ ನಾನು ವಾರವಿಡೀ ಬದುಕುತ್ತಿದ್ದೆ.

ನನ್ನ ಹತ್ತಿರ ಒಂದು ಲೆಕ್ಕಾಚಾರವಿತ್ತು. ಮೂರು ವರ್ಷ ಹಿತ್ತಲಲ್ಲಿ ಬೆಳಗಿನ ತಾಪಮಾನ ಬರೆದಿಟ್ಟಿದ್ದೆ. ಅಕ್ಟೋಬರಿನ ಬೆಳಗುಗಳು ಬೇಗ ತಣ್ಣಗಾದರೆ ಫೆಬ್ರವರಿಯೊಳಗೆ ಸ್ನೋ ಬಿದ್ದೇ ಬೀಳುತ್ತದೆ ಎಂಬುದು ನಾನು ಕಂಡುಕೊಂಡಿದ್ದ ಸತ್ಯ. ಆ ವರ್ಷ ದಸರಾಕ್ಕೆ ಮುಂಚೆಯೇ ಉತ್ತರದ ಗಾಳಿ ಇಳಿಯಿತು. ಒಂದು ಬೆಳಿಗ್ಗೆ ನನ್ನಲ್ಲಿ ಮೂವತ್ತೆಂಟು ಡಿಗ್ರಿ ತೋರಿಸಿತು, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಸಂಭ್ರಮದಿಂದ ಗುಂಪಿಗೆ ಹಾಕಿದೆ. ಈ ಸಲ ಖಂಡಿತ ಸ್ನೋ, ಮಕ್ಕಳಿಗೆ ಜಾರಾಡಲು ಸ್ಲೆಡ್ ತಂದಿಟ್ಟುಕೊಳ್ಳಿ ಎಂದೂ ಬರೆದೆ. ಹೃದಯದ ಗುರುತುಗಳ ಸುರಿಮಳೆಯಾಯಿತು. ಅದರ ನಡುವೆ ಅವರದು ಒಂದು ಸಾಲು: 'ನನ್ನಲ್ಲಿ ನಲವತ್ತನಾಲ್ಕು. ನೀವು ಅಳತಿ ಮಾಡಿದ್ದು ಎಲ್ಲೆ?'

ಪ್ರಾಸ್ಪರ್ ಕಾಪೆಲ್‌ಗಿಂತ ಉತ್ತರಕ್ಕಿದೆ, ಅಷ್ಟು ವ್ಯತ್ಯಾಸ ಸಹಜ ಎಂದು ಬೇರೆಯವರು ನನ್ನ ಪರ ವಾದಿಸಿದರು. ಅವರು ಬಿಡಲಿಲ್ಲ. 'ಅಕ್ಟೋಬರಿನ ಥಂಡಿ ಅಕ್ಟೋಬರಿಂದು. ಫೆಬ್ರವರಿ ಅದರ ಮಗ ಅಲ್ಲ' ಎಂದು ಬರೆದರು. ಎರಡು ದಿನ ಗುಂಪಿನಲ್ಲಿ ಜಗಳವೋ ಜಗಳ.

ಆ ಭಾನುವಾರ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಅರಿಶಿನ ಕುಂಕುಮಕ್ಕೆ ಎಲ್ಲರನ್ನೂ ಕರೆದಿದ್ದೆ, ಅವರ ಹೆಂಡತಿಯನ್ನೂ. ಆಂಟಿ ಒಳ್ಳೆಯವರು. ಅವರನ್ನು ಡ್ರೈವ್ ಮಾಡಿಕೊಂಡು ಅಂಕಲ್ ಬಂದರು. ಏಳು ಮೆಟ್ಟಿಲಿನ ಗೊಂಬೆ ಅವರ ಕಣ್ಣಿಗೆ ಬೀಳಲೇ ಇಲ್ಲ. ಹಜಾರ ದಾಟಿ, ಅಡುಗೆಮನೆ ದಾಟಿ, ಕಾಲುಚೀಲದಲ್ಲೇ ಹಿತ್ತಲಿಗೆ ಇಳಿದರು. ಕೋಸಂಬರಿಯ ತಟ್ಟೆ ಹಿಡಿದು ನಾನು ಹಿಂದೆ ಓಡಿದೆ. ನನ್ನ ಹಿಂದೆ ಅರ್ಧ ಮನೆ ಬಂತು.

ಹುಲ್ಲಿನ ಅಂಚಿನ ಕಂಬದಲ್ಲಿ ನನ್ನ ಥರ್ಮಾಮೀಟರ್ ಇತ್ತು. ಅವರು ಅದರ ಅಂಕಿ ನೋಡಲೇ ಇಲ್ಲ. ಅದರ ಮೈಮೇಲಿದ್ದ ಬಿಳಿ ಬಿಳಿ ಕಲೆಗಳನ್ನು ಉಗುರಿನಿಂದ ಕೆರೆದರು. ಆಮೇಲೆ ಹುಲ್ಲಿನಲ್ಲಿ ಅಡಗಿದ್ದ, ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆಯನ್ನು ಕಾಲಿನಿಂದ ಮುಟ್ಟಿ ಕೇಳಿದರು.

"ಇದು ಎಷ್ಟಕ್ಕ ಚಾಲೂ ಆಗ್ತದ್ರಿ?"

"ಬೆಳಿಗ್ಗೆ ಐದಕ್ಕೆ. ಯಾಕೆ?"

"ನೀವು ಓದೂದು?"

"ಆರೂವರೆಗೆ."

ಅವರು ಎಲ್ಲರ ಕಡೆ ತಿರುಗಿದರು. "ಇವರ ಥರ್ಮಾಮೀಟರ್ ದಿನಾ ಮುಂಜಾನೆ ಸ್ನಾನಾ ಮಾಡ್ತದ್ರಿ. ಒದ್ದಿ ಮೈಲೆ ಗಾಳಿಗೆ ನಿಂತರ ಯಾರಿಗಾದ್ರೂ ಥಂಡಿ ಹತ್ತತದ."

ಜನ ನಕ್ಕರು. ಮುಸಿಮುಸಿಯಲ್ಲ, ಗೊಳ್ಳನೆ. ನೀರು ಆರುವಾಗ ಶಾಖ ಹೀರುತ್ತದೆ, ಮಣ್ಣಿನ ಮಡಕೆಯ ನೀರು ಅದಕ್ಕೇ ತಣ್ಣಗಿರುತ್ತದೆ ಎಂದು ಎಷ್ಟು ಬ್ಯಾಚಿಗೆ ಪಾಠ ಮಾಡಿದ್ದೆನೋ ಲೆಕ್ಕವಿಲ್ಲ. ನನ್ನ ಮೂರು ವರ್ಷದ ಅಕ್ಟೋಬರುಗಳೆಲ್ಲ ಸ್ಪ್ರಿಂಕ್ಲರ್ ನೀರಿನಲ್ಲಿ ಕೊಚ್ಚಿಹೋದವು. ಅವರು ಹೇಳಿದ್ದು ಸರಿ ಎಂದು ಆ ಕ್ಷಣದಲ್ಲೇ ತಿಳಿಯಿತು. ತಿಳಿದದ್ದರಿಂದಲೇ ಕೋಸಂಬರಿಯ ತಟ್ಟೆಯನ್ನು ಅವರಿಗೆ ಕೊಡದೆ ಒಳಗೆ ಒಯ್ದೆ. ಒಳಗೆ ಕರೆದು ಕಿವಿಯಲ್ಲಿ ಹೇಳಬಹುದಿತ್ತಲ್ಲ? ಸಂಜೆ ಫೋನ್ ಮಾಡಬಹುದಿತ್ತಲ್ಲ? ಅಷ್ಟು ಸಾಲದೆಂಬಂತೆ ಮನೆಗೆ ಹೋಗಿ ಗುಂಪಿಗೆ ಆ ಕಲೆಗಳ ಫೋಟೋ ಬೇರೆ ಹಾಕಿದರು. ಮರುದಿನದಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಥರ್ಮಾಮೀಟರನ್ನು ಬೇರೆ ಕಡೆ ನಿಲ್ಲಿಸಿದೆ. ಅವರ ಮೇಲಿನ ಕಣ್ಣನ್ನು ಮಾತ್ರ ಕೀಳಲಿಲ್ಲ. ನವೆಂಬರಿನಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವತ್ತಿನವರೆಗೆ ಏಳಕ್ಕೆ ಬರುತ್ತಿದ್ದ ಅವರ ಅಂಕಿ ಮಾರನೆಯ ದಿನದಿಂದ ಆರಕ್ಕೆ ಬರತೊಡಗಿತು. ಸಿಕ್ಕಿಬಿದ್ದರು ಎಂದುಕೊಂಡೆ. 'ಹೊತ್ತು ಬದಲಾಯಿಸಿ ಅಳೆದರೆ ಅದು ದಾಖಲೆಯೇ?' ಎಂದು ಗುಂಪಿನಲ್ಲೇ ಕೇಳಿದೆ. ಉತ್ತರ ತಕ್ಷಣ ಬಂತು: 'ಗಡಿಯಾರ ಸರಕಾರದ್ದು. ಸೂರ್ಯ ಸರಕಾರದವನಲ್ಲ.' ಸೂರ್ಯನ ಲೆಕ್ಕದಲ್ಲಿ ಅವರು ಒಂದು ನಿಮಿಷವೂ ಆಚೀಚೆ ಸರಿದಿರಲಿಲ್ಲ. ಮತ್ತೆ ಎಲ್ಲರೂ ನಕ್ಕರು. ಮೈ ಉರಿದುಹೋಯಿತು.

ಆದರೆ ಆ ಫೆಬ್ರವರಿಯಲ್ಲಿ ಸ್ನೋ ಬಂತು! ಟೆಕ್ಸಸ್‌ನಲ್ಲಿದ್ದವರು ಯಾರೂ ಮರೆಯದ ಫೆಬ್ರವರಿ ಅದು. ಕರೆಂಟು ಹೋಯಿತು, ಮನೆಯೊಳಗೇ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತೆವು, ಕಾರಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡೆವು. ನನಗೆ ಚಳಿಯೇ ಆಗಲಿಲ್ಲ. ಸ್ಕೇಲ್ ಹಿಡಿದು ಹಿತ್ತಲಿಗೆ ಓಡಿದೆ. ಬೇಲಿಯ ಪಕ್ಕ ನೆಟ್ಟೆ. ಏಳು ಇಂಚು. ಫೋಟೋ ಹಾಕಿ ಬರೆದೆ: 'ಅಕ್ಟೋಬರಿನಲ್ಲೇ ಹೇಳಿದ್ದೆ. ಈಗಲಾದರೂ ಕೆಲವರು ಒಪ್ಪಿಕೊಳ್ಳಲಿ.'

'ಸ್ನೋ ಬಂದದ್ದು ಖರೆ' ಎಂದು ಅವರು ಬರೆದರು. 'ನಿಮ್ಮ ಅಕ್ಟೋಬರ್ ಕರದದ್ದಕ್ಕ ಬಂದಿಲ್ಲ. ಮತ್ತ, ಬೇಲಿ ಬಾಜೂಕ ಗಾಳಿ ತಂದು ಗುಡ್ಡಿ ಹಾಕಿರ್ತದ. ಬಯಲಿನಾಗ ಹಲಗಿ ಇಟ್ಟು ಅಳೀರಿ. ನನ್ನಲ್ಲಿ ನಾಲ್ಕು.' ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಎಲ್ಲಾರೂ ನಲ್ಲಿ ಸಣ್ಣಗ ಬಿಟ್ಟಿಡ್ರಿ. ನಿಂತ ನೀರು ಹೆಪ್ಪುಗಟ್ಟಿ ಪೈಪು ಒಡೀತಾವ.'

ಅವರು ಹೇಳಿದರೆಂಬ ಒಂದೇ ಕಾರಣಕ್ಕೆ ನಾನು ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ ನಿಲ್ಲಿಸಿದೆ. ಮನುಷ್ಯ ಎಷ್ಟು ಮೂರ್ಖನಾಗಬಹುದು ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಮರುದಿನ ಮಧ್ಯಾಹ್ನ ಮಹಡಿಯ ಬಚ್ಚಲಿನ ಗೋಡೆಯೊಳಗೆ ಪೈಪು ಒಡೆಯಿತು. ಊಟದ ಮೇಜಿನ ಮೇಲಿನ ಸೀಲಿಂಗ್ ಉಬ್ಬಿ, ಹರಿದು, ಧಪ್ಪನೆ ಕೆಳಗೆ ಬಂತು. ಗಂಡ ಆಫೀಸಿನ ಕೆಲಸಕ್ಕೆ ಆಸ್ಟಿನ್‌ಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು, ರಸ್ತೆಗಳೆಲ್ಲ ಗಾಜಿನಂತಾಗಿದ್ದವು. ಅಕ್ಕಪಕ್ಕದವರ ಬಾಗಿಲು ಬಡಿದೆ, ಎಲ್ಲರೂ ಮನೆ ಬಿಟ್ಟು ಹೋಗಿದ್ದರು. ಗುಂಪಿಗೆ ಎರಡು ಪದ ಬರೆದೆ. ಪೈಪ್ ಒಡೆಯಿತು. ಒಂದು ನಿಮಿಷವೂ ಆಗಿರಲಿಲ್ಲ, ಫೋನು ಬಂತು. ಅವರದು.

"ಅಳಬ್ಯಾಡ್ರಿ. ಒಂದು ಪಾನಾ ತಗೊಂಡು ಮುಂದಿನ ಬಾಗಲಾ ಹಾಯ್ದು ಹೋಗ್ರಿ. ಅಂಚೆ ಡಬ್ಬಿ ಅದ ಅಲ್ಲ, ಅದರ ಎಡಕ್ಕ ಹುಲ್ಲಿನಾಗ ಒಂದು ಕಪ್ಪು ಮುಚ್ಚಳ ಅದ. ಸ್ನೋ ಸರಸ್ರಿ."

"ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತು ಅಂಕಲ್?"

"ದಸರಾದಾಗ ನೋಡೀನಿ. ಮೊದಲ ಸರಸ್ರಿ, ಆಮ್ಯಾಲೆ ಕೇಳ್ರಿ."

ಗೊಂಬೆ ನೋಡದ ಕಣ್ಣು ನೀರಿನ ಮುಚ್ಚಳ ನೋಡಿತ್ತು. ಬರಿಗೈಯಲ್ಲಿ ಬಗೆದೆ. ಮುಚ್ಚಳ ಸಿಕ್ಕಿತು, ಅದರ ಕೆಳಗೆ ಮನೆಗೆ ನೀರು ಬಿಡುವ ವಾಲ್ವ್. ಬಲಕ್ಕೆ ತಿರುಗಿಸಲು ಹೇಳಿದರು, ಅದು ಮಿಸುಕಲಿಲ್ಲ. "ಬರ್ತದ ತಂಗಿ, ಇನ್ನೊಂಚೂರು" ಎಂದರು. ಅದೊಂದೇ ಸಲ ಅವರು ನನ್ನನ್ನು ತಂಗಿ ಎಂದದ್ದು. ವಾಲ್ವ್ ತಿರುಗಿತು. ಒಳಗೆ ಹೋಗಿ ನೀರು ನಿಂತಿದೆ ಎಂದು ನೋಡಿ ಬರುವವರೆಗೂ ಲೈನಿನಲ್ಲೇ ಇದ್ದರು. ಆಚೆ ಕಡೆ ಅವರ ಉಸಿರೂ ಕೇಳಿಸುತ್ತಿರಲಿಲ್ಲ. ಬಿಗಿಹಿಡಿದು ನಿಂತಿದ್ದರೆಂದು ಈಗ ಅನ್ನಿಸುತ್ತದೆ.

"ನಿಂತಿತು" ಎಂದೆ.

ದೊಡ್ಡದೊಂದು ಉಸಿರು ಬಿಟ್ಟರು. ಆಮೇಲೆ, "ಸ್ನೋ ಬೇಕು, ಸ್ನೋ ಬೇಕು ಅಂತಿದ್ರಲ್ಲ. ಸಾಕಾತಿಲ್ಲೋ?" ಎಂದು ಫೋನ್ ಇಟ್ಟರು.

ನನ್ನ ಬಾಯಲ್ಲಿದ್ದ ಥ್ಯಾಂಕ್ಸ್ ಅಲ್ಲೇ ಹುಳಿಯಾಯಿತು. ಆಮೇಲೂ ಹೇಳಲಿಲ್ಲ. ಮುಂದಿನ ದಸರಾಕ್ಕೆ ಆಂಟಿಯೊಬ್ಬರನ್ನೇ ಕರೆದೆ, ಅಂಕಲ್ ಕಾರಿನಲ್ಲೇ ಕೂತಿದ್ದು ಕರೆದುಕೊಂಡು ಹೋದರು. ಗುಂಪಿನಲ್ಲಿ ಪ್ರತಿ ಶರತ್ಕಾಲವೂ ಕಿತ್ತಾಡಿದೆವು. ಮಧ್ಯಾಹ್ನದ ತೊಂಬತ್ತು ಡಿಗ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ, ಬೆಳಗಿನ ಐವತ್ತನ್ನೋ ಎಂದು ಒಂದು ಇಡೀ ತಿಂಗಳು ಜಗಳವಾಡಿದ್ದೇವೆ. ನಾನು ಏನು ಹಾಕಿದರೂ ಅವರದು ಅದೇ ಪ್ರಶ್ನೆ. ಅಳತಿ ಮಾಡಿದ್ದು ಎಲ್ಲೆ? ಆ ಪ್ರಶ್ನೆಗೆ ಹೆದರಿ ಹೆದರಿಯೇ ನಾನು ಕಂಬದ ಎತ್ತರ ಸರಿಮಾಡಿದೆ, ನೆರಳು ಕಟ್ಟಿದೆ, ಹೊತ್ತು ತಪ್ಪದೆ ಎದ್ದೆ. ಕೆಲಸದ ಪರವಾನಗಿ ಬಂದು ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡಲು ಹೋದಾಗ, ಅಲ್ಲಿಯ ಮಕ್ಕಳ ಬಾಯಲ್ಲಿ ನಾನು 'ಎಲ್ಲಿ ಅಳೆದೆ ಟೀಚರ್' ಆದೆ. ಅದು ಯಾರಿಂದ ಬಂತೆಂದು ಅವರಿಗೆ ಹೇಳಿಲ್ಲ.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಹೃದಯದ ತೊಂದರೆ, ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ನೋಡಲು ಹೋಗಬೇಕೆಂದುಕೊಳ್ಳುತ್ತಲೇ ಇದ್ದೆ. ಹೋಗಿ ಏನು ಹೇಳುವುದೆಂದು ಗೊತ್ತಾಗಲಿಲ್ಲ. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಹೊರಟಾಗ ಆಂಟಿ ಗರಾಜಿಗೆ ಕರೆದುಕೊಂಡು ಹೋದರು. ಬಿಳಿ ಬಣ್ಣ ಬಳಿದ, ಎರಡಡಿ ಚೌಕದ ಒಂದು ಹಲಗೆ ಎತ್ತಿಕೊಟ್ಟರು.

"ಇದು ನಿಮಗ್ರಿ. ಆಸ್ಪತ್ರಿಯೊಳಗ ಹೇಳಿದ್ರು, ಅಕಿಗೆ ಕೊಡು ಅಂತ."

"ನನಗ್ಯಾಕೆ ಆಂಟಿ?"

ಅವರು ಸೆರಗಿನಿಂದ ಹಲಗೆಯ ಧೂಳು ಒರೆಸಿದರು. "ಇಲ್ಲಂದ್ರ ಮತ್ತ ಬೇಲಿ ಬಾಜೂಕ ಅಳೀತಾಳ, ಅಂದ್ರು."

ಎಂಥ ಸಿಟ್ಟು ಬಂತು ನನಗೆ! ಸಾಯುವಾಗಲೂ ಬಿಡಲಿಲ್ಲವಲ್ಲ ಮಹಾರಾಯ. ಹಲಗೆಯನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಕಾಪೆಲ್‌ನ ಮೂರನೆಯ ಸಿಗ್ನಲ್‌ವರೆಗೆ ಬೈಯುತ್ತಲೇ ಬಂದೆ. ಅಲ್ಲಿ ಕಣ್ಣು ಮಂಜಾಗಿ, ಪಕ್ಕದ ಪಾರ್ಕಿಂಗ್‌ಗೆ ತಿರುಗಿಸಿ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ ಅಷ್ಟು ಜನರಿದ್ದಾರೆ. ಅವರನ್ನು ಹೊಗಳುವವರೂ ಇದ್ದಾರೆ.

ಈ ಜನವರಿಯಲ್ಲಿ ಸ್ನೋ ಬಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಗುಂಪು ಹಬ್ಬ ಮಾಡುತ್ತಿತ್ತು. ಫ್ರಿಸ್ಕೋದಲ್ಲಿ ಮೂರು, ಕಾಪೆಲ್‌ನಲ್ಲಿ ಮೂರೂವರೆ ಎಂದು ಬರುತ್ತಲೇ ಇತ್ತು. ಜಾರ್ಜ್‌ಟೌನ್‌ನ ಗೆಳತಿ ಕಾರಿನ ಬಂಪರಿನ ಸಂದಿಯಲ್ಲಿ ಸ್ಕೇಲ್ ನಿಲ್ಲಿಸಿದ ಫೋಟೋ ಹಾಕಿ, 'ಎರಡು ಇಂಚು! ನಮ್ಮೂರಲ್ಲಿ! ಮೇಡಂ, ನಿಮ್ಮಲ್ಲಿ ಎಷ್ಟು?' ಎಂದು ಕುಣಿಯುತ್ತಿದ್ದಳು.

ನಾನು ಹಿತ್ತಲಿಗೆ ಇಳಿದೆ. ಹಲಗೆಯನ್ನು ಹಿಂದಿನ ದಿನವೇ ಬಯಲಿನಲ್ಲಿ ಇಟ್ಟಿದ್ದೆ. ಬೇಲಿಯ ಪಕ್ಕ ಐದು ಇಂಚಿನ ಗುಡ್ಡೆ ಬಿದ್ದಿತ್ತು, ನನ್ನನ್ನು ಕರೆಯುತ್ತಿತ್ತು ಎಂದೇ ಹೇಳಬೇಕು. ಮಂಡಿಯೂರಿ ಹಲಗೆಯ ಮೇಲೆ ಸ್ಕೇಲ್ ನಿಲ್ಲಿಸಿದೆ. ಒಂದು ಮುಕ್ಕಾಲು. ಅದನ್ನೇ ಬರೆದು ಹಾಕಿದೆ.

ಮಕ್ಕಳು ಖುಷಿಯಾಗಿರುವಾಗ ಇದೆಲ್ಲ ಬೇಕಿತ್ತಾ ಎಂದು ಒಬ್ಬರು ಬರೆದರು. ನಿಮ್ಮ ಸ್ಕೇಲ್ ಮುರಿದಿರಬೇಕು ಎಂದು ಇನ್ನೊಬ್ಬರು. ಆಮೇಲೆ ಗೆಳತಿಯ ಸಾಲು ಬಂತು: 'ಅಂಕಲ್ ಹೋದ್ರು ಅಂದ್ಕೊಂಡಿದ್ವಿ.'

ಬೆರಳು ಸೆಟೆದುಕೊಂಡಿದ್ದವು. ಅವಳ ಎರಡು ಇಂಚಿನ ಫೋಟೋವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿ, ಅದರ ಕೆಳಗೆ ಬರೆದೆ: 'ನೀವು ಅಳತಿ ಮಾಡಿದ್ದು ಎಲ್ಲೆ?'