ತೆಗಿ ಅಂದ್ರೆ ಏನು, ಕಾಕಾ?

ಕಾಕಾನ ಕಿವಿಗಳು ಮುಖಕ್ಕಿಂತ ಒಂದು ಅಳತೆ ದೊಡ್ಡವು. ಅಂಚಿನ ತುಂಬ ಬಿಳಿ ಕೂದಲು, ಬಿಸಿಲಿಗೆ ನಿಂತರೆ ಹಿಂದಿನಿಂದ ಕೆಂಪಗೆ ಕಾಣುತ್ತಿದ್ದವು. ಮಗರಪಟ್ಟಾದ ನಮ್ಮ ಆಫೀಸಿನ ಯಂತ್ರಗಳ ಕೋಣೆಯಲ್ಲಿ ಫ್ಯಾನುಗಳ ಭೋರ್ಗರೆತಕ್ಕೆ ನಾವೆಲ್ಲ ಕಿವಿಗೆ ಬೆಂಡು ತುರುಕಿಕೊಳ್ಳುತ್ತಿದ್ದರೆ ಅವರೊಬ್ಬರು ಮಾತ್ರ ಬರಿಗಿವಿ. “ಕಿವಿ ಮುಚ್ಚಿಕೊಂಡ್ರ ಕೆಲಸ ಹ್ಯಾಂಗ ಮಾಡೂದು ತಂಗಿ?” ಎನ್ನುತ್ತಿದ್ದರು. ಚಳಿಗೂ ಮಫ್ಲರ್ ಸುತ್ತಿದವರಲ್ಲ. ಧಾರವಾಡದ ಕಡೆಯವರು, ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದವರು. ಮರಾಠಿಯವರಿಗೂ ನಮಗೂ ಅವರು ಕಾಕಾ.

ನಾನು ಮೈಸೂರಿನವಳು. ಮದುವೆಯಾಗಿ ಪುಣೆಗೆ ಬಂದು, ಮಗು ದೊಡ್ಡದಾಗುವವರೆಗೆ ಮನೆಯಲ್ಲಿದ್ದು, ಆಮೇಲೆ ಹೇಗೋ ಈ ಕೆಲಸ ಗಿಟ್ಟಿಸಿದ್ದೆ. ಅದೂ ಪ್ರೊಬೇಷನ್ ಮೇಲೆ. ಉಳಿಸಿಕೊಳ್ಳುವುದೋ ಕಳಿಸುವುದೋ ನನಗೆ ಕೆಲಸ ಕಲಿಸುತ್ತಿದ್ದ ಕಾಕಾ ಹೇಳಿದ ಮೇಲೆ. ಮ್ಯಾನೇಜರರ ಮರಾಠಿ ಅರ್ಥವಾಗದು, ಯಂತ್ರ ಅರ್ಥವಾಗದು, ಕಾಕಾನ ಕನ್ನಡವಂತೂ ಮೊದಲೇ ಅರ್ಥವಾಗದು. ಹೇಳಿದ್ದಕ್ಕೆಲ್ಲ “ಹೂಂ ಸರ್” ಎಂದು ತಲೆ ಆಡಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಸರ್ವರುಗಳಿಗೂ ಮಾಹಿತಿ ತುಂಬಿಟ್ಟ ಡಿಸ್ಕುಗಳಿಗೂ ನಡುವೆ ಸ್ವಿಚ್ಚುಗಳಿರುತ್ತವೆ. ಅವುಗಳ ಒಂದು ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ತಪ್ಪು ಮಾಡತೊಡಗಿದರೆ ಅದನ್ನು ಕೆಲಸದಿಂದ ಬಿಡಿಸಿ ಡಯಾಗ್ನಾಸ್ಟಿಕ್ ಮೋಡಿಗೆ, ಅಂದರೆ ತಪಾಸಣೆಗೆ, ಹಾಕಬೇಕು. ಒಂದೇ ತುದಿಯಲ್ಲಿ ಹಾಕಿದರೆ ಸಾಲದು, ಕೇಬಲ್ಲಿನ ಆಚೆ ತುದಿಯಲ್ಲೂ ಹಾಕಬೇಕು. ಆಮೇಲೆ ಈ ಕಡೆಯಿಂದ ಬೆಳಕು ಕಳಿಸಿ ನೋಡುವುದು. “ನಾವು ಕಳಿಸಿದ್ದು ಕಳಿಸಿದಾಂಗನ ಹೊಳ್ಳಿ ಬರಬೇಕು,” ಎಂದರು ಕಾಕಾ. ನನಗೆ ಗೊತ್ತಿದ್ದ ಹೊಳ್ಳೆ ಮೂಗಿನದು. ಬೆಳಕಿಗೂ ಮೂಗಿಗೂ ಏನು ಸಂಬಂಧವೆಂದು ಎರಡು ದಿನ ಒದ್ದಾಡಿದೆ. ಹೊಳ್ಳಿ ಎಂದರೆ ವಾಪಸ್ ಎಂದು ಕಡೆಗೆ ಹೇಳಿದವಳು ನಮ್ಮ ಪಕ್ಕದ ಮನೆಯ ಬೆಳಗಾವಿಯ ಹೆಂಗಸು. ಕಾಕಾನನ್ನು ಕೇಳುವ ಧೈರ್ಯ ನನಗಿರಲಿಲ್ಲ.

“ಬರೇ ಹೂಂ ಅಂದ್ರ ಏನೂ ಹೊಳ್ಳಿ ಬರಲಿಲ್ಲ ಅಂತನ ಅರ್ಥ ತಂಗಿ,” ಎಂದು ಒಮ್ಮೆ ನನ್ನ ಮುಖ ನೋಡಿ ಹೇಳಿದರು. ಅದಕ್ಕೂ ನಾನು ಹೂಂ ಎಂದೆ.

ಭೋಸರಿಯ ಒಂದು ಕಾರ್ಖಾನೆಗೂ ನಮ್ಮಲ್ಲಿಗೂ ನಡುವೆ ಎರಡು ಕೇಬಲ್ ಇದ್ದವು. ಎರಡರಲ್ಲೂ ತೊಂದರೆ. ಒಂದನ್ನು ತಪಾಸಣೆಗೆ ಹಾಕುವುದು, ಅದು ಸರಿಯಾಗಿ ಕೆಲಸಕ್ಕೆ ಮರಳಿದ ಮೇಲೆ ಇನ್ನೊಂದನ್ನು ಹಾಕುವುದು ಎಂದಾಗಿತ್ತು. ಎರಡೂ ಒಟ್ಟಿಗೆ ನಿಂತರೆ ಕಾರ್ಖಾನೆಯೂ ನಿಂತಂತೆ. ಕಾಕಾ ಭೋಸರಿಯಲ್ಲಿ, ನಾನು ಇಲ್ಲಿ, ನಡುವೆ ಫೋನಿನಲ್ಲಿ ಅವಸರ ಮಾಡುತ್ತಿದ್ದ ಮ್ಯಾನೇಜರ್. ಮೊದಲನೆಯದರ ತಪಾಸಣೆ ಮುಗಿಯಿತು. ಕಾಕಾ ಹೇಳಿದರು: “ಇನ್ನ ಅದನ್ನ ತೆಗಿ.”

ನನ್ನ ಕೈ ಆಗಲೇ ಕೇಬಲ್ ಹಿಡಿದಿತ್ತು. ಎಳೆದರೆ ತೆಗೆದಂತೆ. ಆದರೆ ಬಾಗಿಲು ತೆಗಿ ಎಂದರೆ ಯಾರೂ ಬಾಗಿಲನ್ನು ಕೀಳುವುದಿಲ್ಲವಲ್ಲ! ಹೂಂ ಎನ್ನಲು ಬಾಯಿ ತೆರೆದವಳು ಅದು ಹೇಗೋ ಕೇಳಿಬಿಟ್ಟೆ. “ಗೊತ್ತಾಗ್ಲಿಲ್ಲ ಕಾಕಾ. ತೆಗಿ ಅಂದ್ರೆ ಏನು? ಓಪನ್ ಮಾಡ್ಲಾ, ಕೀಳ್ಲಾ?”

ನನ್ನ ನೌಕರಿ ಹೋಯಿತು ಎಂದುಕೊಂಡೆ. “ಓಪನ್ ಮಾಡವಾ, ಪೋರ್ಟ್ ಹೊಳ್ಳಿ ಕೆಲಸಕ್ಕ ಹಚ್ಚು,” ಎಂದರು ಕಾಕಾ ಮೆಲ್ಲಗೆ. “ಕಿತ್ತಿದ್ದರ ಭಾಳ ಫಜೀತಿ ಆಗತಿತ್ತು. ನಾ ಇಲ್ಲೆ ಎರಡನೇದನ್ನ ಬಂದ್ ಮಾಡಾಂವಿದ್ದೆ.”

“ತಿಲಾ ಕಳತ್ ನಾಹೀ ಕಾ?” ಎಂದು ಮ್ಯಾನೇಜರ್ ಗುರುಗುಟ್ಟಿದರು. ಇವಳಿಗೆ ತಿಳಿಯುವುದಿಲ್ಲವೇ ಎಂದು. ಅಷ್ಟು ಮರಾಠಿ ನನಗೂ ಬರುತ್ತಿತ್ತು. ಕಾಕಾ ಅದೇ ಮರಾಠಿಯಲ್ಲಿ, “ಕಳತ್ ನಾಹೀ ಅಸಂ ಸಾಂಗತೇ. ಮ್ಹಣೂನಚ್ ತೀ ಪಾಹಿಜೇ,” ಎಂದರು. ತಿಳಿಯಲಿಲ್ಲ ಎಂದು ಹೇಳುತ್ತಾಳೆ, ಅದಕ್ಕೇ ಅವಳು ಬೇಕು ಎಂದು. ನನ್ನ ನೌಕರಿ ಉಳಿದದ್ದು ಹಾಗೆ. ಆವತ್ತು ಬಚ್ಚಲಿಗೆ ಹೋಗಿ ಅತ್ತೆ. ಖುಷಿಗೋ ಹೆದರಿಕೆಗೋ ಈಗಲೂ ಸರಿಯಾಗಿ ಹೇಳಲಾರೆ.

ನಿವೃತ್ತರಾದ ಮೇಲೆ ಅವರು ದೇಹೂ ರೋಡಿನ ಮನೆಯಲ್ಲಿದ್ದರು. ಕಳೆದ ಚಳಿಗಾಲ ಲಕ್ವಾ ಹೊಡೆಯಿತೆಂದು ತಿಳಿದು ನೋಡಲು ಹೋದೆ. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿತ್ತು. “ತೆಗಿ.”

“ಮುಂಜಾನಿಂದ ಇದ ನಡದದ ನೋಡವಾ,” ಎಂದರು ಕಾಕು, ಅವರ ಹೆಂಡತಿ. ಕಣ್ಣು ಊದಿಕೊಂಡಿದ್ದವು. “ಕಿಟಕಿ ತೆಗದೆ, ಬಾಗಲಾ ತೆಗದೆ. ಥಂಡಿ ಹತ್ತೀತಂತ ಟೊಪಿಗಿ ಇನ್ನಷ್ಟು ಜಗ್ಗಿ ಹಾಕೀನಿ. ಆದರೂ ತೆಗಿ ತೆಗಿ ಅಂತಾರ. ಇನ್ನೇನ ತೆಗೀಲಿ?”

ನಾನು ಹತ್ತಿರ ಕುಳಿತೆ. “ತೆಗಿ ಅಂದ್ರೆ ಏನು ಕಾಕಾ? ಓಪನ್ ಮಾಡ್ಲಾ?” ಸುಮ್ಮನಿದ್ದರು. “ಕೀಳ್ಲಾ?” ಎಂದೊಡನೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಹೊದಿಕೆ ಮುಟ್ಟಿ ತೋರಿಸಿದೆ, ಅಲ್ಲ. ಕಾಲುಚೀಲ, ಅದೂ ಅಲ್ಲ. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಕೊರಳತನಕ ಎಳೆದಿದ್ದ ಆ ಉಣ್ಣೆಯ ಟೊಪ್ಪಿಗೆಯನ್ನು ಕಿತ್ತು ತೆಗೆದೆ. ಎರಡೂ ಕಿವಿ ಹೊರಗೆ ಬಂದವು. ಕಾಕಾ ಅರ್ಧ ಬಾಯಲ್ಲಿ ನಕ್ಕರು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಆಮೇಲೆ ಕಾಕಾ ನನ್ನನ್ನೇ ನೋಡುತ್ತ ಏನೋ ಹೇಳಿದರು. ಉದ್ದದ ಮಾತು, ಬರೀ ಸದ್ದು. ಕಾಕು “ಹೌದ್ರಿ, ಹೌದ್ರಿ” ಎಂದರು. ನನಗೂ ಹೂಂ ಎಂದುಬಿಡುವುದು ಸುಲಭವಿತ್ತು.

“ತಿಳೀಲಿಲ್ಲ ಕಾಕಾ,” ಎಂದೆ. “ಹೊಳ್ಳಿ ಹೇಳ್ರಿ.”

ಹೊಳ್ಳಿ ಹೇಳಿದರು. ತಿಳಿಯಲಿಲ್ಲ ಎಂದೆ. ಬೇಸರಿಸದೆ ಇನ್ನೊಮ್ಮೆ ಹೇಳಿದರು. ನಾನು ಮತ್ತೆ ಹೋಗುವಷ್ಟರಲ್ಲಿ ಅವರಿರಲಿಲ್ಲ. ಆ ಮಾತು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿಯಿತೆಂದು ಮಾತ್ರ ನಾನು ಅವರಿಗೆ ಹೇಳಲಿಲ್ಲ.