ಒಂದೇ ಅಚ್ಚಿನ ಮನೆಗಳು

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ನಾನು ಬೆಳೆದ ಹೊಸೂರನ್ನೆಲ್ಲ ಇವರಿಗೆ ತೋರಿಸುವ ಹುಚ್ಚು ನನಗೆ! ಇವತ್ತು ಬೈಕಿನಲ್ಲಿ ಹೋದರೆ ನಮ್ಮ ಹಳೆಯ ಫ್ಯಾಕ್ಟರಿ ಕ್ವಾರ್ಟರ್ಸ್ ಕೆಡವುತ್ತಿದ್ದರು. ಎಲ್ಲೋ ಎರಕ ಹೊಯ್ದು, ಲಾರಿಯಲ್ಲಿ ತಂದು ಜೋಡಿಸಿದ್ದ ಕಾಂಕ್ರೀಟ್ ಗೋಡೆಗಳನ್ನು ಕ್ರೇನ್ ಒಂದೊಂದಾಗಿ ಬಿಡಿಸುತ್ತಿತ್ತು.

ಅಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚು. ಅಪ್ಪ, ಅಮ್ಮ ಇಬ್ಬರೂ ಶಿಫ್ಟಿಗೆ ಹೋಗಿದ್ದ ಒಂದು ಸಂಜೆ, ಶಾಲೆಯಿಂದ ಬಂದವಳು ಗೊತ್ತಾಗದೆ ಪಕ್ಕದ ಬ್ಲಾಕಿನ ಮನೆಗೆ ನುಗ್ಗಿದ್ದೆ.

"ಯಾರ್ ಮಗ್ಳಮ್ಮೀ ನೀನು? ಬಂದೋಳು ಉಂಡ್ಕಂಡೇ ಹೋಗು," ಎಂದು ಆ ಮನೆಯ ಸರೋಜಕ್ಕ ನಕ್ಕು ಬಿಸಿ ಮುದ್ದೆ ಬಡಿಸಿದರು.

ನಮ್ಮ ಮನೆಯಲ್ಲಿ ಕಾಯುತ್ತಿದ್ದುದು ಬೀಗ ಮಾತ್ರ. ಹಾಗಾಗಿ ಮರುದಿನದಿಂದ ಬೇಕೆಂದೇ ಮನೆ ತಪ್ಪತೊಡಗಿದೆ.

"ಇವತ್ತೂ ತಪ್ಪೋಯ್ತಾ?" ಎಂದು ಅವರೂ ಏನೂ ತಿಳಿಯದವರಂತೆ ತಟ್ಟೆ ಇಡುತ್ತಿದ್ದರು.

ಕ್ರೇನ್ ಇನ್ನೊಂದು ಗೋಡೆ ಎತ್ತಿತು. ಉಳಿಸಿಕೊಳ್ಳಬೇಕಾದ ಪರಂಪರೆ ಅಂದರೆ ಕೋಟೆ, ಗುಡಿ ಅಷ್ಟೇನಾ?

"ಇದ್ರಲ್ಲಿ ನಿಮ್ಮನೆ ಯಾವ್ದು?" ಇವರು ಕೇಳಿದರು.

ನಾನು ಸರೋಜಕ್ಕನ ಮನೆ ತೋರಿಸಿದೆ.