ಗಡಿಬಿಡಿಯ ತುಟಿಗೆ ನನ್ನ ಮಾತು

ಗೆಳೆಯ ತೀರಿಕೊಂಡ ಮೂರು ವಾರಕ್ಕೆ ಅವನ ಅಮ್ಮ ಫೋನು ಮಾಡಿದರು. "ಅವನ ಮಾತು ಕೇಳಬೇಕು ಅನ್ನಿಸ್ತಿದೆ ಕಣಪ್ಪ. ಅವನ ಫೋನಲ್ಲಿ ಹುಡುಕಿಸಿದೆ, ಬರೀ ಫೋಟೋ. ಅವನು ದರ್ಜಿ ಆಗಿರೋ ಆ ಪಿಕ್ಚರ್ ನಾನಿನ್ನೂ ನೋಡಿಲ್ಲ. ಇದು ಬೇಡ, ಮುಂದಿನದು ನೋಡುವೆಯಂತೆ ಅಂತಿದ್ದ. ಬಂದು ಹಾಕಿಕೊಡ್ತೀಯಾ?"

ಬರುತ್ತೇನೆ ಎಂದೆ. ಅದರಲ್ಲಿ ಅವನ ಮಾತು ಒಂದೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ನಮಗೆಲ್ಲ ಅವನು ಗಡಿಬಿಡಿ. ಒಂಬತ್ತಕ್ಕೆ ಶೂಟಿಂಗ್ ಎಂದರೆ ಏಳಕ್ಕೇ ಗೇಟಿನ ಮುಂದೆ ನಿಂತು ಕಾವಲುಗಾರನ ಜೊತೆ ಹರಟುವವನು. ಹಿಂದಿ ಸಿನಿಮಾದಲ್ಲಿ ಐದು ವರ್ಷ ಏನೇನೋ ಆದ. ನಾಯಕನ ಬದಲು ಮಹಡಿಯಿಂದ ಜಿಗಿದ, ಗುಂಪಿನಲ್ಲಿ ಕುಣಿದ, ಆಮೇಲೆ ಕುಣಿಯುವವರಿಗೇ ಹೆಜ್ಜೆ ಹೇಳಿಕೊಟ್ಟ. "ಹೆಣದ ಪಾತ್ರಕ್ಕೆ ನನ್ನ ಮೀರಿಸೋರಿಲ್ಲ ಕಣೋ, ರೀಟೇಕೇ ಇಲ್ಲ" ಎನ್ನುತ್ತಿದ್ದ. ಕೊನೆಗೆ ಮಾತಿರುವ ಪಾತ್ರ ಸಿಕ್ಕಿತು. ನಾಯಕಿಯ ಅಣ್ಣ, ದರ್ಜಿ. ಹನ್ನೊಂದು ದೃಶ್ಯ.

ನಾನು ಡಬ್ಬಿಂಗ್ ಕಲಾವಿದ. ಶೂಟಿಂಗಿನಲ್ಲಿ ಹಿಡಿದ ಮಾತನ್ನು ತೆಗೆದು ಸ್ಟುಡಿಯೋದಲ್ಲಿ ಮತ್ತೆ ಮಾತಾಡಿಸಿ ಕೂಡಿಸುವುದು ನಮ್ಮ ಕೆಲಸ. ಅವನು ಬೇರೆ ಚಿತ್ರಕ್ಕೆ ಹೊರಗೆ ಹೋಗಿದ್ದಾಗ ನಿರ್ದೇಶಕರು ನನ್ನನ್ನು ಕರೆಸಿದರು. "ಮುಖ ಅದ್ಭುತ. ಹಿಂದಿಯಲ್ಲಿ ಮಾತ್ರ ಮನೆಮಾತು ಇಣುಕುತ್ತೆ. ಧ್ವನಿ ನೀವೇ ಕೊಟ್ಟುಬಿಡಿ."

ಅವನನ್ನು ಒಂದು ಮಾತು ಕೇಳೋಣ ಎನ್ನಬಹುದಿತ್ತು. ಎನ್ನಲಿಲ್ಲ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವನು ನಾನು. ಅವನು ಎಲ್ಲಿ ಉಸಿರೆಳೆಯುತ್ತಾನೆ, ಎಲ್ಲಿ ತಡವರಿಸುತ್ತಾನೆ, ಎಲ್ಲ ಗೊತ್ತಿತ್ತು. ತುಟಿಗೆ ಮಾತು ಕೂದಲೆಳೆ ತಪ್ಪದೆ ಕೂತಿತು. ಎಂಜಿನಿಯರ್ ಬೆನ್ನು ತಟ್ಟಿದ. ನಾನು ಉಬ್ಬಿಹೋದೆ.

ಗಡಿಬಿಡಿಗೆ ಗೊತ್ತಾದದ್ದು ಥಿಯೇಟರಿನಲ್ಲಿ. ಮೊದಲ ಮಾತಿಗೇ ನನ್ನ ಕಡೆ ತಿರುಗಿದ. ನಾನು ಪರದೆಯನ್ನೇ ನೋಡುತ್ತಿದ್ದೆ. ಹೊರಗೆ ಬಂದ ಮೇಲೆ, "ಚೆನ್ನಾಗಿ ಮಾಡಿದೀಯ. ಹೇಳಿದ್ರೆ ನಾನೇ ನೀರು ಹಿಡ್ಕೊಂಡು ಪಕ್ಕದಲ್ಲಿ ನಿಂತ್ಕೋತಿದ್ನಲ್ಲೋ" ಎಂದ. ಬೈದಿದ್ದರೆ ವಾಸಿಯಿತ್ತು. ಮರುದಿನ ಬೆಳಿಗ್ಗೆಯಿಂದ ನನ್ನ ಮುಂದೆಯೇ ಕೂತು ಹಿಂದಿ ತಿದ್ದಿಸಿಕೊಳ್ಳತೊಡಗಿದ. ಮುಂದಿನ ಚಿತ್ರದಲ್ಲಿ ವಕೀಲನ ಪಾತ್ರ, ಅವನದೇ ಧ್ವನಿ ಎಂದು ಮಾತಾಗಿತ್ತು. ಅದು ಶುರುವಾಗುವ ಮೊದಲೇ, ಒಂಬತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟ.

ಅಮ್ಮನ ಮನೆಗೆ ಹೋಗುವ ಮುಂಚೆ ಸ್ಟುಡಿಯೋದಲ್ಲಿ ಶೂಟಿಂಗಿನ ಮೂಲ ಧ್ವನಿ ಇದೆಯೇ ಎಂದು ವಿಚಾರಿಸಿದೆ. "ನಿಮ್ಮದು ಅಷ್ಟು ಚೆನ್ನಾಗಿ ಕೂತಿತ್ತಲ್ಲ ಸರ್, ಅದನ್ನ ಅಳಿಸಿಬಿಟ್ವಿ" ಎಂದರು.

ಅಮ್ಮ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಅವರಿಗೆ ಹಿಂದಿ ಬಾರದು. ಆದರೂ ದರ್ಜಿಯ ಎರಡನೇ ಮಾತಿಗೇ ನನ್ನನ್ನು ನೋಡಿದರು.

"ಇದು ನೀನಲ್ವೇನೋ?"

"ಹೌದಮ್ಮ."

"ಅವನದು?"

"ಇಲ್ಲಮ್ಮ. ಅವನನ್ನ ಕೇಳದೆ ನಾನು ಮಾತಾಡಿದೆ. ಅವನದನ್ನ ಅಳಿಸಿದಾರೆ."

ಅಮ್ಮ ರಿಮೋಟು ತೆಗೆದುಕೊಂಡು ಧ್ವನಿಯನ್ನು ಪೂರ್ತಿ ಇಳಿಸಿದರು. ಎರಡು ಗಂಟೆ ಹಾಗೇ ಮಗನನ್ನು ನೋಡಿದರು. ಅವನು ಬಾಯಿ ತೆರೆದಾಗಲೆಲ್ಲ ಆ ಮಾತುಗಳು ಬೇಡವೆಂದರೂ ನನ್ನ ಗಂಟಲಿಗೆ ಬರುತ್ತಿದ್ದವು. ತುಟಿ ಬಿಗಿಹಿಡಿದು ಕೂತೆ.